ಮೊದಲ ರನ್ನಿಂಗ್ ಶೂ: ಕಾಸರಗೋಡಿನ ದಾರಿಗೆ, ನಿಮ್ಮ ಪಾದಕ್ಕೆ

"ಓಡಲು ಶುರು ಮಾಡಬೇಕು ಅಂತಿದ್ದೇನೆ, ಯಾವ ಕಂಪನಿಯ ಶೂ ಒಳ್ಳೆಯದು?" ಬೆಳಗ್ಗೆ ಮೈದಾನಕ್ಕೆ ಹೊಸದಾಗಿ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ. ನಾನು ಕಂಪನಿಯ ಹೆಸರು ಹೇಳುವುದಿಲ್ಲ. ಎರಡು ವಿಷಯ ತಿರುಗಿ ಕೇಳುತ್ತೇನೆ. ನೀವು ಓಡುವುದು ಎಲ್ಲಿ? ನಿಮ್ಮ ಪಾದ ಎಷ್ಟು ಉದ್ದ, ಎಷ್ಟು ಅಗಲ? ಮೊದಲನೆಯದಕ್ಕೆ ಉತ್ತರ ಬರುತ್ತದೆ. ಎರಡನೆಯದಕ್ಕೆ "ಎಂಟು ನಂಬರ್" ಅನ್ನುತ್ತಾರೆ. ಅದು ಚಪ್ಪಲಿಯ ನಂಬರ್. ಪಾದದ ಅಳತೆ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ.

ಜಾಹೀರಾತಿನ ಶೂ ಓಡುವುದು ನುಣುಪಾದ ನಗರದ ರಸ್ತೆಯಲ್ಲಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ದಾರಿಗಳು ಹಾಗಿಲ್ಲ. ಮುರಕಲ್ಲಿನ ಹರಳು, ಏರು, ಇಳಿಜಾರು, ಪಾಚಿ, ನಾಲ್ಕು ತಿಂಗಳ ಜಡಿಮಳೆ. ನಮ್ಮ ಪಾದಗಳಿಗೂ ತಮ್ಮದೇ ಆದ ಗುಣ ಇದೆ. ಬಾಲ್ಯವೆಲ್ಲ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಕಳೆದವರ ಪಾದದ ಮುಂಭಾಗ ಸಾಮಾನ್ಯವಾಗಿ ಅಗಲ, ಬೆರಳುಗಳೂ ಬಿಡಿಬಿಡಿ. ಹಾಗಾಗಿ ಇಲ್ಲಿ ಓಡಲು ಶುರು ಮಾಡುವವರು ಶೂವಿನಲ್ಲಿ ಮೊದಲು ನೋಡಬೇಕಾದ್ದು ಬೆರಳಿಗೆ ಜಾಗ ಇದೆಯಾ, ಅಡಿಗೆ ಹಿಡಿತ ಇದೆಯಾ, ಒದ್ದೆಯಾದರೆ ಬೇಗ ಒಣಗುತ್ತದಾ ಎಂದು. ಬಣ್ಣ, ಬ್ರಾಂಡ್, ಹೊಸ ಮಾಡೆಲ್ ಎಲ್ಲ ಆಮೇಲಿನ ಮಾತು.

ಮೊದಲ ಕೆಲಸ: ದಾರಿ ಯಾವುದೆಂದು ನೋಡಿ

ಶೂ ತರುವ ಮೊದಲು ಒಂದು ವಾರ ನಿಮ್ಮ ದಾರಿಯಲ್ಲಿ ಸುಮ್ನೆ ನಡೆಯಿರಿ. ಅದರ ಹೆಚ್ಚಿನ ಭಾಗ ಡಾಮರೋ, ಕಾಂಕ್ರೀಟೋ, ಮಣ್ಣೋ ಎಂದು ಗಮನಿಸಿ. ಹೆದ್ದಾರಿ 66ರ ಸರ್ವಿಸ್ ರಸ್ತೆ, ಪೇಟೆಯ ಒಳರಸ್ತೆ, ವಿದ್ಯಾನಗರದ ಸ್ಟೇಡಿಯಂ ಇಂಥ ಕಡೆ ಓಡುವವರಿಗೆ ಸಾದಾ ರೋಡ್ ರನ್ನಿಂಗ್ ಶೂ ಸಾಕು. ಇದರಲ್ಲಿ ಹೆಚ್ಚು ಯೋಚಿಸಲು ಏನೂ ಇಲ್ಲ.

ಬದಿಯಡ್ಕ, ಪೆರ್ಲ, ಬಾಯಾರು, ಆದೂರು ಕಡೆಯವರ ಕತೆ ಬೇರೆ. ಮನೆಯಿಂದ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಮಣ್ಣಿನ ದಾರಿ, ಕಡಿದಾದ ಕಾಂಕ್ರೀಟ್ ಏರು, ಮುರಕಲ್ಲಿನ ಸಣ್ಣ ಹರಳು ಎಲ್ಲ ಸಿಗುತ್ತದೆ. ಆ ಹರಳು ಕಾಲಡಿಯಲ್ಲಿ ಉರುಳುತ್ತದೆ. ಇಂಥ ದಾರಿಗೆ ಅಡಿಯಲ್ಲಿ ಪೂರ್ತಿ ರಬ್ಬರ್ ಇರುವ, ನೆಲ ಹಿಡಿಯಲು ಎರಡು ಮೂರು ಮಿಲಿಮೀಟರ್ ಆಳದ ಕಚ್ಚು ಇರುವ ಶೂ ಬೇಕು. ಕೆಲವು ಕಂಪನಿಗಳು ಇದನ್ನು ರೋಡ್-ಟು-ಟ್ರೇಲ್, ಅಂದರೆ ರಸ್ತೆಗೂ ಗುಡ್ಡದ ಕಾಲುದಾರಿಗೂ ಆಗುವ ಶೂ, ಎಂದು ಮಾರುತ್ತವೆ. ಈಗ ಎಲ್ಲರೂ ಇಷ್ಟಪಡುವ ತುಂಬಾ ದಪ್ಪ, ತುಂಬಾ ಮೆತ್ತನೆಯ ಸೋಲ್ ಈ ದಾರಿಗೆ ಬೇಡ. ಪಾದ ನೆಲದಿಂದ ಎತ್ತರದಲ್ಲಿ, ಮೆತ್ತನೆಯ ಫೋಮ್ ಮೇಲೆ ನಿಂತಿರುವಾಗ ಹರಳಿನ ಮೇಲೆ ಕಾಲು ಬಿದ್ದರೆ ಪಾದದ ಗಂಟು ಉಳುಕಲು ಹೆಚ್ಚು ಹೊತ್ತು ಬೇಡ. ಸ್ವಲ್ಪ ಗಟ್ಟಿ, ಅಡಿ ಅಗಲ ಇರುವ ಶೂವೇ ಇಲ್ಲಿ ಕ್ಷೇಮ.

ಪೂರ್ತಿ ಟ್ರೇಲ್ ಶೂ ಬೇಕಾಗುವುದು ಪೊಸಡಿಗುಂಪೆಯಂಥ ಗುಡ್ಡೆ, ಪದವುಗಳಲ್ಲೇ ಓಡುವವರಿಗೆ ಮಾತ್ರ. ಅದರ ಕಚ್ಚು ನಾಲ್ಕು ಮಿಲಿಮೀಟರಿಗಿಂತ ಜಾಸ್ತಿ ಇರುತ್ತದೆ. ಡಾಮರಿನಲ್ಲಿ ಓಡಿದರೆ ಅದು ಬೇಗ ಸವೆಯುತ್ತದೆ, ಕಾಲಿಗೂ ಗಡುಸು.

ಬೇಕಲ, ಕಾಪ್ಪಿಲ್ ಕಡಲ ತೀರದಲ್ಲಿ ಓಡುವ ಆಸೆ ಇದ್ದರೆ ನೀರಿನಂಚಿನ ಗಟ್ಟಿ ಮರಳಿನಲ್ಲಿ ಓಡಿ. ಸಡಿಲ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡಕ್ಕೆ ಜಾಸ್ತಿ ಭಾರ ಬೀಳುತ್ತದೆ. ಮೊದಲ ತಿಂಗಳುಗಳಲ್ಲಿ ಅದು ಬೇಡ.

ಇನ್ನೊಂದು ಮಾತು, ಇಂಟರ್‌ಲಾಕ್ ಕಲ್ಲಿನ ಬಗ್ಗೆ. ಈಗ ನಮ್ಮಲ್ಲಿ ಅಂಗಳ, ಶಾಲೆಯ ಆವರಣ, ದೇವಸ್ಥಾನದ ದಾರಿ ಎಲ್ಲ ಕಡೆ ಅದೇ. ಜುಲೈ ಹೊತ್ತಿಗೆ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಒದ್ದೆ ಪಾಚಿಯ ಮೇಲೆ ಹಿಡಿತ ಕೊಡುವ ಶೂ ಇಲ್ಲ, ಎಷ್ಟೇ ದುಡ್ಡು ಕೊಟ್ಟರೂ ಇಲ್ಲ. ಅಲ್ಲಿ ನಡೆಯಿರಿ, ಇಲ್ಲವೇ ದಾರಿ ಬದಲಿಸಿ.

ಮನೆಯಲ್ಲಿ ಇರುವ ಶೂವಿನಲ್ಲೇ ಓಡಬಹುದಾ ಎಂದು ಕೇಳುವವರೂ ಇದ್ದಾರೆ. ಫುಟ್‌ಬಾಲ್ ಬೂಟು, ಟರ್ಫ್ ಶೂ, ಬ್ಯಾಡ್ಮಿಂಟನ್ ಶೂ ಇವು ಅಡ್ಡಡ್ಡ ಜಿಗಿಯುವ, ತಟ್ಟನೆ ನಿಲ್ಲುವ ಆಟಗಳಿಗೆ ಮಾಡಿದವು. ಒಂದೇ ದಿಕ್ಕಿಗೆ ಸಾವಿರಾರು ಹೆಜ್ಜೆ ಹಾಕುವಾಗ ಹಿಮ್ಮಡಿಗೆ ಬೇಕಾದ ಮೆತ್ತೆ ಅವುಗಳಲ್ಲಿ ಇರುವುದಿಲ್ಲ. ಶಾಲೆಯ ಕ್ಯಾನ್ವಾಸ್ ಶೂವಿಗೂ ಇದೇ ಮಾತು.

ಎರಡನೆಯ ಕೆಲಸ: ಮನೆಯಲ್ಲೇ ಪಾದ ಅಳೆಯಿರಿ

ಇದಕ್ಕೆ ಹತ್ತು ನಿಮಿಷ ಬೇಕು. ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ.

ಸಂಜೆ ಅಳೆಯಿರಿ. ದಿನವಿಡೀ ನಡೆದು, ತೋಟದ ಕೆಲಸವೋ ಅಂಗಡಿಯ ಕೆಲಸವೋ ಮುಗಿಸಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಪಾದ ಹೀಗೆಯೇ ಊದುತ್ತದೆ. ಬೆಳಗ್ಗೆ ಎದ್ದ ತಕ್ಷಣ ಅಳೆದರೆ ಸಣ್ಣ ಅಳತೆ ಸಿಗುತ್ತದೆ.

ಗಟ್ಟಿ ನೆಲದ ಮೇಲೆ ಬಿಳಿ ಕಾಗದ ಹಾಸಿ. ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿ. ಭಾರ ಎರಡೂ ಕಾಲಿನ ಮೇಲೆ ಇರಲಿ. ಗೆರೆ ಎಳೆಯುವ ಕೆಲಸ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ, ಏಕೆಂದರೆ ನೀವೇ ಬಗ್ಗಿದರೆ ಪಾದ ಜರುಗುತ್ತದೆ. ಪೆನ್ಸಿಲನ್ನು ನೇರ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ಓರೆ ಹಿಡಿದರೆ ಅಳತೆ ತಪ್ಪುತ್ತದೆ.

ಈಗ ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿವರೆಗೆ ಅಳೆಯಿರಿ. ಹೆಬ್ಬೆರಳೇ ಉದ್ದ ಆಗಬೇಕೆಂದಿಲ್ಲ. ಅನೇಕರಿಗೆ ಎರಡನೇ ಬೆರಳು ಮುಂದೆ ಇರುತ್ತದೆ. ಆಮೇಲೆ ಅಗಲ: ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ಬುಡದವರೆಗೆ, ಪಾದ ಅತಿ ಅಗಲ ಇರುವ ಕಡೆ. ಎರಡೂ ಪಾದದ ಅಳತೆ ತೆಗೆಯಿರಿ. ಸಾಮಾನ್ಯವಾಗಿ ಒಂದು ಪಾದ ಸ್ವಲ್ಪ ದೊಡ್ಡದಿರುತ್ತದೆ. ಶೂ ಆರಿಸುವುದು ಆ ದೊಡ್ಡ ಪಾದಕ್ಕೆ.

ನಮ್ಮ ಅಂಗಡಿಗಳಲ್ಲಿ ಹೇಳುವ ಏಳು, ಎಂಟು, ಒಂಬತ್ತು ಎಲ್ಲ ಯುಕೆ ನಂಬರ್. ಒಂದು ನಂಬರಿನಿಂದ ಮುಂದಿನದಕ್ಕೆ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಅರ್ಧ ನಂಬರ್ ಅಂದರೆ ನಾಲ್ಕು ಮಿಲಿಮೀಟರ್ ಚಿಲ್ಲರೆ. ಆದರೆ ಒಂದು ಕಂಪನಿಯ ಎಂಟಕ್ಕೂ ಇನ್ನೊಂದರ ಎಂಟಕ್ಕೂ ತಾಳೆ ಆಗುವುದಿಲ್ಲ, ಏಕೆಂದರೆ ಶೂ ಹೊಲಿಯುವ ಅಚ್ಚು ಬೇರೆಬೇರೆ. ಹಾಗಾಗಿ ಶೂವಿನ ನಾಲಿಗೆಯ (ಲೇಸಿನ ಅಡಿಯ ಪಟ್ಟಿಯ) ಒಳಗೆ ಅಂಟಿಸಿರುವ ಚೀಟಿ ನೋಡಿ. ಅದರಲ್ಲಿ ಹೆಚ್ಚಾಗಿ ಸೆಂಟಿಮೀಟರ್ ಲೆಕ್ಕವೂ ಇರುತ್ತದೆ. ನಿಮ್ಮ ಪಾದ 26 ಸೆಂಟಿಮೀಟರ್ ಇದ್ದರೆ 26.5 ಅಥವಾ 27 ಇರುವುದನ್ನು ಮೊದಲು ಹಾಕಿ ನೋಡಿ. ಎಷ್ಟೋ ಮಂದಿಗೆ ಓಡುವ ಶೂ ಚಪ್ಪಲಿಗಿಂತ ಅರ್ಧ ಅಥವಾ ಒಂದು ನಂಬರ್ ದೊಡ್ಡದೇ ಬೇಕಾಗುತ್ತದೆ. "ನಾನು ಯಾವಾಗಲೂ ಎಂಟೇ" ಎಂಬ ಹಟ ಇಲ್ಲಿ ಬೇಡ.

ಅಗಲಕ್ಕೂ ಗುರುತು ಇದೆ. ಗಂಡಸರ ಸಾದಾ ಅಗಲ ಡಿ, ಅದಕ್ಕಿಂತ ಅಗಲ 2ಇ, ಇನ್ನೂ ಅಗಲ 4ಇ. ಹೆಂಗಸರ ಸಾದಾ ಅಗಲ ಬಿ, ಅಂದರೆ ಗಂಡಸರದ್ದಕ್ಕಿಂತ ಕಿರಿದು. ಅಗಲ ಪಾದದ ಅಕ್ಕಂದಿರಿಗೆ ಹೆಂಗಸರ ಶೂ ಬಿಗಿ ಆದರೆ ಗಂಡಸರ ವಿಭಾಗದಿಂದಲೇ ಸೆಂಟಿಮೀಟರ್ ನೋಡಿ ತೆಗೆದುಕೊಳ್ಳಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕಾಗದದ ಮೇಲೆ ಎಳೆದ ಪಾದವನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ ಇಡಿ. ಅಂಗಡಿಗೆ ಹೋಗುವಾಗ ಅದು ಚೀಲದಲ್ಲಿ ಇರಲಿ. ಏಕೆಂದು ಮುಂದೆ ಹೇಳುತ್ತೇನೆ.

ಚಪ್ಪಟೆ ಪಾದ ಎಂದು ಹೆದರಬೇಡಿ

ಒದ್ದೆ ಕಾಲನ್ನು ನೆಲಕ್ಕೊತ್ತಿ, ಗುರುತು ನೋಡಿ, "ನಿಮ್ಮದು ಚಪ್ಪಟೆ ಪಾದ, ನಿಮಗೆ ಸ್ಟೆಬಿಲಿಟಿ ಶೂವೇ (ಪಾದ ಒಳಗೆ ವಾಲದಂತೆ ಆಸರೆ ಕೊಡುವ ಶೂ) ಬೇಕು" ಎಂದು ಹೇಳುವ ಪದ್ಧತಿ ಬಹಳ ಕಾಲದಿಂದ ಇದೆ. ಅಂಗಡಿಯಲ್ಲೂ ಹೇಳುತ್ತಾರೆ, ವೀಡಿಯೊಗಳಲ್ಲೂ ಹೇಳುತ್ತಾರೆ. 2010ರ ಆಸುಪಾಸಿನಲ್ಲಿ ಅಮೆರಿಕದ ಸೇನಾ ತರಬೇತಿಯಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. ಒಂದು ಗುಂಪಿಗೆ ಪಾದದ ಕಮಾನು ನೋಡಿ ಶೂ ಕೊಟ್ಟರು. ಇನ್ನೊಂದು ಗುಂಪಿಗೆ ಕಮಾನು ಲೆಕ್ಕಿಸದೆ ಎಲ್ಲರಿಗೂ ಒಂದೇ ಬಗೆಯ ಶೂ. ಪೆಟ್ಟು, ನೋವುಗಳಲ್ಲಿ ಎರಡು ಗುಂಪಿನ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಬರೆದ ಲೇಖನದಲ್ಲಿ ಬೇರೆ ದಾರಿ ಸೂಚಿಸಿದರು: ಹಾಕಿಕೊಂಡಾಗ ಕಾಲಿಗೆ ಯಾವುದು ಆರಾಮವೋ ಅದನ್ನೇ ಆರಿಸಿ. ಈ ಮಾತು ನನಗೆ ಪೂರ್ತಿ ಒಪ್ಪಿಗೆ.

ನಮ್ಮ ಕಡೆಯದೇ ಒಂದು ಅಧ್ಯಯನ ಇಲ್ಲಿ ನೆನಪಿಸಬೇಕು. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಉದಯ ಭಾಸ್ಕರ ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಪಾದದ ಗುರುತು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದ ಇತ್ತು. ಬರಿಗಾಲಿನ ಮಕ್ಕಳಲ್ಲಿ ಶೇ. 2.8 ಮಾತ್ರ. ಅದರಲ್ಲೂ ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಜಾಸ್ತಿ, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಗುಡ್ಡೆ, ಬೈಲು, ಕಟ್ಟಪುಣಿಗಳಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ಪಾದ ದುರ್ಬಲ ಅಲ್ಲ. ಅದಕ್ಕೆ ಆಸರೆಗಿಂತ ಮೊದಲು ಬೇಕಾದ್ದು ಬೆರಳು ಚಾಚಲು ಜಾಗ.

ಹಾಗಾದರೆ ಬರಿಗಾಲಲ್ಲೇ ಓಡಿದರೆ ಆಗದಾ? ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದು ನಿಜ. ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಗೆದ್ದದ್ದು ಶೂ ಹಾಕಿಕೊಂಡು. ಗಾಜಿನ ಚೂರು, ಮೊಳೆ, ಏಪ್ರಿಲ್ ತಿಂಗಳ ಕಾದ ಡಾಮರು ಇರುವ ದಾರಿಯಲ್ಲಿ ಹೊಸಬರಿಗೆ ಶೂ ಬೇಕು.

ಕಾಲಿಗೆ ಮೊದಲೇ ನೋವಿದ್ದರೆ, ಹಳೆಯ ಪೆಟ್ಟಿದ್ದರೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ ಶೂ ಆರಿಸಿ. ಸಕ್ಕರೆ ಕಾಯಿಲೆ ಇರುವವರು ಇದನ್ನು ತಪ್ಪಿಸಲೇಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಕಚ್ಚುವುದು ಗೊತ್ತಾಗುವುದಿಲ್ಲ. ಸಣ್ಣ ಗುಳ್ಳೆ ಹುಣ್ಣಾಗಿ, ಅದು ವಾಸಿಯಾಗದೆ ಕಷ್ಟಕ್ಕೆ ಬರುತ್ತದೆ. ನಿಮ್ಮ ಮನೆಯ ಹಿರಿಯರು ನಡೆಯಲು, ಓಡಲು ಶುರು ಮಾಡಿದ್ದರೆ ದಿನಾ ಅವರ ಅಂಗಾಲು ನೋಡಿ.

ಶೂವಿನ ಅಂಗಾಂಗ, ಬೇಕಾದಷ್ಟು ಮಾತ್ರ

ನೆಲಕ್ಕೆ ತಾಗುವ ಅಡಿಪದರ, ಅದರ ಮೇಲಿನ ಫೋಮ್, ಪಾದ ಮುಚ್ಚುವ ಮೇಲಿನ ಬಟ್ಟೆ, ಹಿಮ್ಮಡಿ ಹಿಡಿಯುವ ಗಟ್ಟಿ ಬಟ್ಟಲು. ಇಷ್ಟು ನೋಡಿದರೆ ಸಾಕು.

ಅಡಿಪದರವನ್ನು ಉಗುರಿನಿಂದ ಒತ್ತಿ. ರಬ್ಬರ್ ಆದರೆ ಗುರುತು ಉಳಿಯುವುದಿಲ್ಲ. ಬರೀ ಫೋಮ್ ಆದರೆ ಉಗುರಿನ ಗುರುತು ಮೂಡುತ್ತದೆ. ಅಗ್ಗದ ಶೂಗಳಲ್ಲಿ ರಬ್ಬರ್ ಅಲ್ಲಲ್ಲಿ ಚೂರು ಚೂರು, ಉಳಿದದ್ದೆಲ್ಲ ಫೋಮ್. ಒದ್ದೆ ಟೈಲ್ಸ್ ಮೇಲೆ ಅದು ಜಾರುತ್ತದೆ, ಮುರಕಲ್ಲಿನ ದಾರಿಯಲ್ಲಿ ಬೇಗ ಕಿತ್ತು ಹೋಗುತ್ತದೆ. ಹಿಮ್ಮಡಿ ಮತ್ತು ಮುಂಭಾಗದ ಅಡಿ ಎರಡಕ್ಕೂ ರಬ್ಬರ್ ಇರುವುದನ್ನೇ ಹುಡುಕಿ.

ಮೇಲಿನ ಬಟ್ಟೆ ಜಾಳಿಯಂತೆ ಇರಲಿ. ಬೆಳಕಿಗೆ ಹಿಡಿದರೆ ಸಣ್ಣ ತೂತು ಕಾಣಬೇಕು. ನಮ್ಮ ಸೆಕೆಗೂ ಮಳೆಗೂ ಅದೇ ಸರಿ. ವಾಟರ್‌ಪ್ರೂಫ್ ಶೂ ತೆಗೆದುಕೊಂಡರೆ ಮಳೆಗಾಲ ಸುಲಭ ಎಂದು ಅನಿಸುತ್ತದೆ, ಅಲ್ವಾ? ನಮ್ಮ ಮಳೆ ಚಿರಿಪಿರಿ ಮಳೆಯಲ್ಲ. ಕಾಲಿನ ಮೇಲಿಂದ ಇಳಿಯುವ ನೀರು ಶೂವಿನ ಬಾಯಿಯಿಂದಲೇ ಒಳಗೆ ಹೋಗುತ್ತದೆ. ವಾಟರ್‌ಪ್ರೂಫ್ ಶೂವಿನಿಂದ ಅದು ಹೊರಗೆ ಬರುವುದಿಲ್ಲ. ಜಾಳಿ ಬಟ್ಟೆಯಾದರೆ ನಾಲ್ಕು ಹೆಜ್ಜೆಗೆ ನೀರು ಹೊರಗೆ ಬರುತ್ತದೆ.

ಡ್ರಾಪ್ ಎಂಬ ಅಳತೆ ಡಬ್ಬಿಯ ಮೇಲೋ ಕಂಪನಿಯ ಮಾಹಿತಿಯಲ್ಲೋ ಇರುತ್ತದೆ. ಹಿಮ್ಮಡಿಯ ಕಡೆ ಸೋಲ್ ಎಷ್ಟು ದಪ್ಪ, ಬೆರಳಿನ ಕಡೆ ಎಷ್ಟು ದಪ್ಪ, ಅವೆರಡರ ವ್ಯತ್ಯಾಸ ಅದು. ಸೊನ್ನೆಯಿಂದ ಹನ್ನೆರಡು ಮಿಲಿಮೀಟರ್‌ವರೆಗೆ ಸಿಗುತ್ತದೆ. ಕಡಿಮೆ ಡ್ರಾಪ್ ಇದ್ದರೆ ಮೀನಖಂಡಕ್ಕೂ ಅದನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜಿಗೂ ಕೆಲಸ ಜಾಸ್ತಿ. ಹೆಚ್ಚು ಇದ್ದರೆ ಮೊಣಕಾಲಿಗೆ ಸ್ವಲ್ಪ ಜಾಸ್ತಿ. ಶುರು ಮಾಡುವವರಿಗೆ ಆರರಿಂದ ಹತ್ತರ ನಡುವೆ ಇದ್ದರೆ ಸಾಕು, ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಹಿಮ್ಮಡಿಯ ಬಟ್ಟಲನ್ನು ಹಿಂದಿನಿಂದ ಬೆರಳಲ್ಲಿ ಒತ್ತಿ. ಕುಸಿದು ಹೋಗಬಾರದು. ಶೂವಿನ ಎರಡೂ ತುದಿ ಹಿಡಿದು ಬಗ್ಗಿಸಿ. ಬೆರಳಿನ ಬುಡ ಬರುವ ಜಾಗದಲ್ಲಿ ಮಡಚಬೇಕು. ನಡು ಮಧ್ಯದಲ್ಲಿ ಮಡಚಿದರೆ ಆ ಶೂ ವಾಪಸ್ ಇಡಿ.

ಸೋಲ್ ಒಳಗೆ ಕಾರ್ಬನ್ ಪ್ಲೇಟ್ (ಗಟ್ಟಿ ತೆಳು ಹಲಗೆ) ಇರುವ ಶೂಗಳ ಬಗ್ಗೆ ಹುಡುಗರು ಬಹಳ ಕೇಳುತ್ತಾರೆ. 2017ರಲ್ಲಿ ನೈಕಿ ಕಂಪನಿಯ ಅಂಥ ಶೂ ವೇಪರ್‌ಫ್ಲೈ ಮಾರುಕಟ್ಟೆಗೆ ಬಂದ ಮೇಲೆ ಮ್ಯಾರಥಾನ್ ಲೋಕವೇ ಬದಲಾಯಿತು. ರಸ್ತೆ ಸ್ಪರ್ಧೆಯ ಶೂವಿನ ಸೋಲ್ 40 ಮಿಲಿಮೀಟರಿಗಿಂತ ದಪ್ಪ ಇರಬಾರದೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ನಿಯಮ ತರಬೇಕಾಯಿತು. ಅವು ವೇಗವಾಗಿ ಓಡುವವರ ಸ್ಪರ್ಧೆಯ ಶೂ. ಬೆಲೆ ಬಹಳ, ಬಾಳಿಕೆ ಕಡಿಮೆ. ನಿಧಾನ ಓಡುವ ಹೊಸಬರಿಗೆ ಅದರಿಂದ ಲಾಭ ಇಲ್ಲ.

ದುಡ್ಡು ಎಷ್ಟು ಇಡಬೇಕು

ಸುಮಾರು 2,000 ರೂಪಾಯಿಗೆ ಓಡಲು ಯೋಗ್ಯವಾದ ಸರಳ ಶೂ ಸಿಗುತ್ತದೆ. 3,000ದಿಂದ 5,000ದ ನಡುವೆ ದೊಡ್ಡ ಕಂಪನಿಗಳ ಆರಂಭದ ಮಾಡೆಲ್‌ಗಳು. ವಾರಕ್ಕೆ ಮೂರು ದಿನ ಓಡುವವರಿಗೆ ಇಷ್ಟರ ಒಳಗೆ ಮುಗಿಯುತ್ತದೆ. ಕಳೆದ ವರ್ಷದ ಮಾಡೆಲ್ ರಿಯಾಯಿತಿಯಲ್ಲಿ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ತಯಾರಾದ ತಿಂಗಳು, ವರ್ಷ ಡಬ್ಬಿಯ ಮೇಲೆ ನೋಡಿ. ನಮ್ಮ ಕರಾವಳಿಯ ತೇವದಲ್ಲಿ ನಾಲ್ಕೈದು ವರ್ಷ ಗೋದಾಮಿನಲ್ಲಿ ಕುಳಿತ ಶೂವಿನ ಅಂಟು ಬಿಡಬಹುದು.

2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 18. ಬಜೆಟ್ ಆ ಗೆರೆಯ ಹತ್ತಿರ ಇದ್ದರೆ ಇದು ನೆನಪಿರಲಿ.

"ಫಸ್ಟ್ ಕಾಪಿ" ಎಂದು ಮಾರುವ ನಕಲಿ ಶೂ ಓಡಲು ಬೇಡವೇ ಬೇಡ. ಹೊರಗಿನಿಂದ ತದ್ರೂಪ ಕಂಡರೂ ಒಳಗಿನ ಫೋಮ್ ಏನೆಂದು ಯಾರಿಗೂ ಗೊತ್ತಿಲ್ಲ. ಅಸಲಿ ಡಬ್ಬಿಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುತ್ತದೆ. ಡಬ್ಬಿಯ ಮೇಲಿನ ಮಾಡೆಲ್ ನಂಬರೂ ಶೂವಿನ ನಾಲಿಗೆಯ ಚೀಟಿಯ ನಂಬರೂ ಒಂದೇ ಆಗಿರಬೇಕು. ನಕಲಿಗೆ ಕೊಡುವ ದುಡ್ಡಿಗೆ ಹೆಸರಿಲ್ಲದ ಪ್ರಾಮಾಣಿಕ ದೇಶಿ ಶೂ ಬರುತ್ತದೆ. ಅದು ಸಾವಿರ ಪಾಲು ಮೇಲು.

ಅಂಗಡಿಯಲ್ಲಿ

ಸಂಜೆ ಹೋಗಿ. ಸಾಕ್ಸ್ ಮತ್ತು ರಟ್ಟಿನ ಪಾದ ಜೊತೆಗಿರಲಿ. ಕಾಸರಗೋಡು, ಉಪ್ಪಳ, ಕಾಞಂಗಾಡಿನ ಅಂಗಡಿಗಳಲ್ಲಿ ಬೇಕಾದ ಅಳತೆ ಸಿಗದಿದ್ದರೆ ಕಾಸರಗೋಡಿನಿಂದ ರೈಲಿನಲ್ಲಿ ಮಂಗಳೂರಿಗೆ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಆಯ್ಕೆ ಜಾಸ್ತಿ. ಒಂದೇ ಶೂವಿಗೆ ಮನಸ್ಸು ಕೊಟ್ಟು ಹೋಗಬೇಡಿ. ನಾಲ್ಕಾದರೂ ಹಾಕಿ ನೋಡಿ.

ಮೊದಲು ಶೂವಿನ ಒಳಗಿನ ಹಾಸನ್ನು ಹೊರಗೆ ತೆಗೆಯಿರಿ. ಹೆಚ್ಚಿನ ರನ್ನಿಂಗ್ ಶೂಗಳಲ್ಲಿ ಅದು ಎದ್ದು ಬರುತ್ತದೆ. ಅದರ ಮೇಲೆ ನಿಮ್ಮ ರಟ್ಟಿನ ಪಾದ ಇಡಿ. ರಟ್ಟು ಅಂಚಿನಿಂದ ಹೊರಗೆ ಚಾಚಿದರೆ ಆ ಶೂ ನಿಮಗೆ ಕಿರಿದು. ಹಾಕಿ ನೋಡುವ ಅಗತ್ಯವೇ ಇಲ್ಲ. ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದು, ಪಕ್ಕದಲ್ಲಿ ರಟ್ಟು ಒಳಗೇ ಕುಳಿತರೆ ಮುಂದಿನ ಪರೀಕ್ಷೆಗೆ ಹೋಗಿ.

ಎರಡೂ ಕಾಲಿಗೆ ಹಾಕಿ, ಲೇಸು ಪೂರ್ತಿ ಕಟ್ಟಿ, ಎದ್ದು ನಿಲ್ಲಿ. ಕುಳಿತು ನೋಡುವುದು ಲೆಕ್ಕಕ್ಕಿಲ್ಲ. ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್, ಖಾಲಿ ಇರಬೇಕು. ಬೆರಳುಗಳನ್ನು ಒಳಗೇ ಆಡಿಸಿ. ಪಿಯಾನೋ ನುಡಿಸುವವರ ಬೆರಳಿನ ಹಾಗೆ ಒಂದೊಂದೂ ಬಿಡಿಯಾಗಿ ಆಡಬೇಕು. ಕಿರುಬೆರಳು ಬಟ್ಟೆಯನ್ನು ಹೊರಗೆ ತಳ್ಳುವುದು ಕಂಡರೆ ಬೇಡ. ನಡುಪಾದದಲ್ಲಿ ಹಿಡಿತ ಇರಲಿ, ಹಿಸುಕಬಾರದು. ನಡೆಯುವಾಗ ಹಿಮ್ಮಡಿ ಮೇಲೆ ಕೆಳಗೆ ಜಾರಬಾರದು.

ನಮ್ಮ ಇಳಿಜಾರಿನ ದಾರಿಗೆ ಇನ್ನೊಂದು ಪರೀಕ್ಷೆ ಬೇಕು. ಅಂಗಡಿಯ ಮೆಟ್ಟಿಲು ಇಳಿಯಿರಿ. ಮೆಟ್ಟಿಲು ಇಲ್ಲದಿದ್ದರೆ ಶೂವಿನ ಮೂತಿಯನ್ನು ನೆಲಕ್ಕೆ ಎರಡು ಮೂರು ಸಲ ಮೆಲ್ಲ ತಟ್ಟಿ. ಬೆರಳು ಹೋಗಿ ಮುಂದೆ ತಾಗಿದರೆ ಇಳಿಜಾರಿನಲ್ಲಿ ಅದೇ ಸಾವಿರ ಸಲ ತಾಗುತ್ತದೆ. ಉಗುರು ಕಪ್ಪಾಗಿ ಬೀಳುವುದು ಹೀಗೆ.

ಕೊನೆಗೆ ಓಡಿ. "ಅಣ್ಣ, ಹೊರಗೆ ಒಂದು ಸಣ್ಣ ರೌಂಡ್ ಓಡಿ ನೋಡ್ತೇನೆ" ಎಂದು ಕೇಳಿ. ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ. ಹೊರಗೆ ಬಿಡದಿದ್ದರೆ ಅಂಗಡಿಯ ಒಳಗೇ ಆ ತುದಿಯಿಂದ ಈ ತುದಿಗೆ ಓಡಿ. ಎಲ್ಲಾದರೂ ಒತ್ತಿದರೆ, ಉಜ್ಜಿದರೆ, "ಸ್ವಲ್ಪ ದಿವಸ ಹಾಕಿದ್ರೆ ಲೂಸ್ ಆಗ್ತದೆ" ಎಂಬ ಸಮಾಧಾನ ಬರುತ್ತದೆ. ಚರ್ಮದ ಚಪ್ಪಲಿಗೆ ಆ ಮಾತು ಸರಿ. ರನ್ನಿಂಗ್ ಶೂ ಮೊದಲ ನಿಮಿಷದಿಂದಲೇ ಆರಾಮ ಇರಬೇಕು. ಅಂಗಡಿಯಲ್ಲಿ ಕಚ್ಚುವ ಶೂ ಎರಡನೇ ಕಿಲೋಮೀಟರಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಇಲ್ಲಿ ದಾಕ್ಷಿಣ್ಯ ಮಾಡಬೇಡಿ. ಡಬ್ಬಿ ಹತ್ತು ಬಿಚ್ಚಿಸಿದೆನಲ್ಲ ಎಂಬ ಸಂಕೋಚಕ್ಕೆ ಬಿಗಿ ಶೂ ಕೊಂಡು ಬರುವ ಒಳ್ಳೆಯ ಮನಸ್ಸಿನವರನ್ನು ಕಂಡಿದ್ದೇನೆ. ಆ ಶೂ ಆಮೇಲೆ ಜಗಲಿಯ ಮೂಲೆ ಸೇರುತ್ತದೆ, ಓಟವೂ ಅಲ್ಲಿಗೆ ನಿಲ್ಲುತ್ತದೆ.

ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಮೊದಲು ಓದಿ. ಕೆಲವರು ಬದಲಿ ಅಳತೆ ಮಾತ್ರ ಕೊಡುತ್ತಾರೆ, ದುಡ್ಡು ಕೊಡುವುದಿಲ್ಲ. ನಮ್ಮ ಒಳನಾಡಿನ ಪಿನ್‌ಕೋಡಿಗೆ ವಾಪಸ್ ಒಯ್ಯುವ ಸೌಲಭ್ಯ ಇದೆಯಾ ಎಂದೂ ನೋಡಿ. ಬಂದ ಶೂವನ್ನು ಮನೆಯ ಒಳಗೆ, ಒಣ ನೆಲದಲ್ಲಿ ಮಾತ್ರ ಹಾಕಿ ಪರೀಕ್ಷಿಸಿ. ಕೆಂಪು ಮಣ್ಣಿನ ಒಂದು ಗುರುತು ತಾಗಿದರೂ ವಾಪಸ್ ಕೊಡುವುದು ಕಷ್ಟ.

ಲೇಸು ಮತ್ತು ಸಾಕ್ಸ್

ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನಮ್ಮ ಸೆಕೆಯಲ್ಲಿ ಗುಳ್ಳೆಗೆ ಅದೇ ದೊಡ್ಡ ಕಾರಣ. ಪಾಲಿಯೆಸ್ಟರ್, ನೈಲಾನ್ ಮಿಶ್ರಣದ ಕ್ರೀಡಾ ಸಾಕ್ಸ್ ಎರಡು ಜೊತೆ ಇರಲಿ.

ಶೂವಿನ ಮೇಲ್ತುದಿಯಲ್ಲಿ ಖಾಲಿ ಬಿಟ್ಟ ಒಂದು ತೂತು ಕಾಣುತ್ತದೆ. ಹಿಮ್ಮಡಿ ಜಾರುವವರಿಗೆ ಅದು ಉಪಕಾರ. ಪ್ರತಿ ಕಡೆಯ ಲೇಸನ್ನು ಅದೇ ಕಡೆಯ ಕೊನೆಯ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ. ಆಮೇಲೆ ಎಡದ ಲೇಸನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ, ಎಳೆದು, ಎಂದಿನಂತೆ ಗಂಟು ಹಾಕಿ. ಇಳಿಜಾರಿನಲ್ಲಿ ಪಾದ ಮುಂದೆ ಜರುಗುವುದು ತುಂಬಾ ಕಡಿಮೆ ಆಗುತ್ತದೆ.

ಮೊದಲ ವಾರಗಳು

ಹೊಸ ಶೂವನ್ನು ಎರಡು ದಿನ ಮನೆಯಲ್ಲಿ ಹಾಕಿ ಓಡಾಡಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ ಸಾಕು. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನ ಓಡಿ.

ಕಾಲು ಹೇಳುವುದನ್ನು ಕೇಳಿ. ಬೆರಳು ಜೋಮು ಹಿಡಿದರೆ ಮುಂಭಾಗದ ಲೇಸು ಸಡಿಲ ಮಾಡಿ. ಆದರೂ ನಿಲ್ಲದಿದ್ದರೆ ಶೂ ಕಿರಿದು. ಉಗುರು ಕಪ್ಪಾದರೆ ಶೂ ಗಿಡ್ಡ, ಇಲ್ಲವೇ ಲೇಸು ಸಡಿಲ. ಹಿಮ್ಮಡಿಯ ಹಿಂದೆ ಗುಳ್ಳೆ ಎದ್ದರೆ ಮೇಲೆ ಹೇಳಿದ ಕುಣಿಕೆ ಹಾಕಿ ನೋಡಿ. ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಉದ್ದಕ್ಕೆ ನೋವು ಬಂದರೆ ಶೂವನ್ನೇ ದೂರಬೇಡಿ. ಹೆಚ್ಚಾಗಿ ಅದು ಬೇಗಬೇಗ ಓಟ ಏರಿಸಿದ್ದರಿಂದ. ಎರಡು ಮೂರು ದಿನ ಬಿಡಿ, ಕಡಿಮೆಯಿಂದ ಮತ್ತೆ ಶುರು ಮಾಡಿ. ವಾರ ಕಳೆದರೂ ಕಡಿಮೆಯಾಗದ ನೋವಿಗೆ ವೈದ್ಯರ ಬಳಿ ಹೋಗಿ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಒಣಗಿಸುವುದೇ ಒಂದು ಕೆಲಸ. ಓಡಿ ಬಂದ ತಕ್ಷಣ ಕೆಸರು ತೊಳೆಯಿರಿ, ಬಿಸಿ ನೀರು ಬೇಡ. ಒಳಗಿನ ಹಾಸು ಹೊರಗೆ ತೆಗೆಯಿರಿ, ಲೇಸು ಸಡಿಲಿಸಿ. ಹಳೆಯ ಪೇಪರ್ ಮುದ್ದೆ ಮಾಡಿ ಮೂತಿಯವರೆಗೆ ತುರುಕಿ. ಒಂದೆರಡು ಗಂಟೆ ಬಿಟ್ಟು ಅದು ಒದ್ದೆಯಾದ ಮೇಲೆ ಬೇರೆ ಪೇಪರ್ ತುರುಕಿ. ಆಮೇಲೆ ಫ್ಯಾನಿನ ಅಡಿ ಇಡಿ. ಬಚ್ಚಲಿನ ಒಲೆಯ ಹತ್ತಿರ, ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಒಣಗಿಸುವ ಗೂಡಿನಲ್ಲಿ ಇಡಲು ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಕುಗ್ಗುತ್ತದೆ. ಸುಡು ಬಿಸಿಲೂ ಬೇಡ.

ಒದ್ದೆ ಶೂವನ್ನು ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಮೂರೇ ದಿನಕ್ಕೆ ಬೂಷ್ಟು. ಬೆರಳಿನ ಸಂದಿ ಕೊಳೆತು ತುರಿಕೆ ಶುರುವಾಗುವುದೂ ಹೀಗೆಯೇ. ಓಡಿ ಬಂದು ಬೆರಳಿನ ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲೂ ವಾರಕ್ಕೆ ಮೂರು ನಾಲ್ಕು ದಿನ ಓಡುವವರಾದರೆ ಎರಡನೇ ಜೋಡಿ ಇಡಲು ಇದೊಂದೇ ಕಾರಣ ಸಾಕು. ಒಂದು ಒಣಗುವಾಗ ಇನ್ನೊಂದು.

ಜಗಲಿಯಲ್ಲಿ ಇಟ್ಟ ಶೂವನ್ನು ಬೆಳಗ್ಗೆ ಕೊಡವದೆ ಹಾಕಬೇಡಿ. ಚೇಳು, ಹಾವಿನ ಮರಿ ಬೆಚ್ಚಗಿನ ಜಾಗ ಹುಡುಕಿ ಒಳಗೆ ಸೇರುತ್ತವೆ. ಶೂವನ್ನು ತಲೆಕೆಳಗೆ ಮಾಡಿ ನೆಲಕ್ಕೆ ತಟ್ಟಿ, ಟಾರ್ಚ್ ಹಿಡಿದು ಒಳಗೆ ನೋಡಿ. ಮನೆಯ ಮಕ್ಕಳಿಗೂ ಇದೇ ಅಭ್ಯಾಸ ಮಾಡಿಸಿ.

ಕಡಲ ತೀರದಲ್ಲಿ ಓಡಿದ ದಿನ ಸಿಹಿ ನೀರಿನಲ್ಲಿ ತೊಳೆಯುವುದು ಮರೆಯಬೇಡಿ. ಉಪ್ಪು ಉಳಿದರೆ ಬಟ್ಟೆ ಗಡುಸಾಗಿ ಕಾಲಿಗೆ ಉಜ್ಜುತ್ತದೆ.

ಬದಲಿಸುವ ಕಾಲ

ಸಾಮಾನ್ಯವಾಗಿ ಒಂದು ಜೋಡಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಕಿಲೋಮೀಟರ್ ಓಡಿದರೆ ವರ್ಷಕ್ಕೆ ಆರುನೂರು ಚಿಲ್ಲರೆ ಆಗುತ್ತದೆ. ಮುರಕಲ್ಲಿನ ದಾರಿಯಲ್ಲಿ ಅಡಿ ಇನ್ನೂ ಬೇಗ ಸವೆಯುತ್ತದೆ. ಆ ಶೂವಿನಲ್ಲಿ ಪೇಟೆಗೆ, ಮದುವೆಗೆ, ತೋಟಕ್ಕೆ ಹೋಗಬೇಡಿ. ಓಟಕ್ಕೆಂದೇ ಇಟ್ಟರೆ ಬಾಳಿಕೆ ಬರುತ್ತದೆ.

ಹೊರಗಿನ ಹಿಮ್ಮಡಿಯ ಅಂಚು ಸ್ವಲ್ಪ ಸವೆಯುವುದು ಸಹಜ, ಅದನ್ನು ನೋಡಿ ಗಾಬರಿ ಬೇಡ. ರಬ್ಬರ್ ಸವೆದು ಒಳಗಿನ ಫೋಮ್ ಕಂಡರೆ, ಮೇಜಿನ ಮೇಲೆ ಇಟ್ಟಾಗ ಶೂ ಒಂದು ಬದಿಗೆ ವಾಲಿದರೆ, ಮೊದಲು ಇಲ್ಲದ ಮೊಣಕಾಲು ನೋವು ಕಾರಣ ಇಲ್ಲದೆ ಶುರುವಾದರೆ ಹೊಸದು ತನ್ನಿ. ಹೊಸದಕ್ಕೆ ಹೋಗುವಾಗ ಹಳೆಯ ಜೋಡಿಯನ್ನು ಜೊತೆಗೆ ಒಯ್ಯಿರಿ. ಎಲ್ಲಿ ಸವೆದಿದೆ, ಎಲ್ಲಿ ಬಟ್ಟೆ ಹರಿದಿದೆ ಎಂದು ಅದೇ ತೋರಿಸುತ್ತದೆ. ಕಿರುಬೆರಳಿನ ಹತ್ತಿರ ಬಟ್ಟೆ ತೂತಾಗಿದ್ದರೆ ಈ ಸಲ ಇನ್ನೂ ಅಗಲದ್ದು ಬೇಕು. ಅದೇ ಮಾಡೆಲ್ ಇಷ್ಟವಾಗಿದ್ದರೂ ಹಾಕಿ ನೋಡದೆ ತರಬೇಡಿ. ಹೆಸರು ಹಾಗೆಯೇ ಇಟ್ಟು ಅಚ್ಚನ್ನೂ ಫೋಮನ್ನೂ ಕಂಪನಿಗಳು ಬದಲಿಸುತ್ತಿರುತ್ತವೆ. ಪಾದವನ್ನೂ ಮತ್ತೊಮ್ಮೆ ಅಳೆಯಿರಿ, ವಯಸ್ಸಾದಂತೆ, ಹೆರಿಗೆಯ ನಂತರ, ತೂಕ ಹೆಚ್ಚಾದಾಗ ಪಾದವೂ ಅಗಲವಾಗುತ್ತದೆ.